ಶಿವಮೊಗ್ಗದಲ್ಲಿ ಓದಿದ ಬಿ.ಇ.: ವಿಟಿಯು ಎಲೆಕ್ಟ್ರಿಕಲ್ ಕೋರ್ಸಿನ ಒಂದು ವಿಮರ್ಶೆ

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಿಂದ ಬಂದು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ವಿಭಾಗದ ಬಿ.ಇ. ಪದವಿಯನ್ನು 2021ರ ಸ್ಕೀಮಿನಲ್ಲಿ, ಅಂದರೆ ಆ ವರ್ಷ ಜಾರಿಗೆ ಬಂದ ಪಠ್ಯಕ್ರಮದಲ್ಲಿ, ಮುಗಿಸಿದ್ದೇನೆ. ಸಿಇಟಿ ಆಪ್ಷನ್ ಎಂಟ್ರಿಯ ಸಮಯ ಬಂದಾಗಲೆಲ್ಲ, ಬೆಂಗಳೂರಿಗೇ ಹೋಗಬೇಕೆ, ಶಿವಮೊಗ್ಗ ಸಾಕೆ ಎಂದು ಊರಿನ ಪೋಷಕರು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಕಾಲೇಜಿನ ಹೆಸರನ್ನು ಬಿಟ್ಟು, ಕೋರ್ಸನ್ನು ಮಾತ್ರ ಅಳೆಯುತ್ತೇನೆ.

1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡು ಈ ವಿಶ್ವವಿದ್ಯಾಲಯ ಆರಂಭವಾಗುವ ಮೊದಲು ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಬೇರೆ ಬೇರೆ ಸಾಮಾನ್ಯ ವಿಶ್ವವಿದ್ಯಾಲಯಗಳ ಅಡಿಯಲ್ಲಿದ್ದವು. ಈಗ ಸ್ವಾಯತ್ತವಲ್ಲದ ಎಲ್ಲ ಸಂಯೋಜಿತ ಕಾಲೇಜುಗಳಿಗೂ ಒಂದೇ ಪಠ್ಯಕ್ರಮ, ಒಂದೇ ಪ್ರಶ್ನೆಪತ್ರಿಕೆ. ಮೈಸೂರು ವಲಯಕ್ಕೆ ಸೇರಿದ ನಮ್ಮ ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) 4ರಿಂದ, ಬೆಂಗಳೂರಿನವರದು 1ರಿಂದ ಶುರುವಾಗುತ್ತದೆಯೇ ಹೊರತು, ಪರೀಕ್ಷಾ ಕೊಠಡಿಯಲ್ಲಿ ಇಬ್ಬರ ಮುಂದೆ ಇರುವುದು ಅದೇ ಪತ್ರಿಕೆ. ಪತ್ರಿಕೆಯ ಮಟ್ಟಿಗೆ ಶಿವಮೊಗ್ಗದ ವಿದ್ಯಾರ್ಥಿ ಯಾರಿಗೂ ಕಡಿಮೆಯಲ್ಲ ಎಂಬುದು ಇದರ ದೊಡ್ಡ ಲಾಭ.

ಆದರೆ ಆ ಪರೀಕ್ಷೆಯ ಸ್ವರೂಪವೇ ಈ ಕೋರ್ಸಿನ ದೊಡ್ಡ ಕೊರತೆ ಎಂಬುದು ನನ್ನ ಅಭಿಪ್ರಾಯ. ಥಿಯರಿ ವಿಷಯವೊಂದರಲ್ಲಿ ಐದು ಮಾಡ್ಯೂಲ್‌ಗಳಿರುತ್ತವೆ. ಪ್ರತಿ ಮಾಡ್ಯೂಲಿನಿಂದ ಇಪ್ಪತ್ತು ಅಂಕಗಳ ಎರಡು ಪೂರ್ಣ ಪ್ರಶ್ನೆಗಳು ಬರುತ್ತವೆ, ಅವುಗಳಲ್ಲಿ ಒಂದನ್ನು ಬರೆಯಬೇಕು. ನೂರಕ್ಕೆ ಬರೆದದ್ದನ್ನು ಐವತ್ತಕ್ಕೆ ಇಳಿಸಿ, ಉಳಿದ ಐವತ್ತನ್ನು ಇಂಟರ್ನಲ್ಸ್‌ನಿಂದ, ಅಂದರೆ ಕಾಲೇಜೇ ಕೊಡುವ ಆಂತರಿಕ ಅಂಕಗಳಿಂದ, ಸೇರಿಸುತ್ತಾರೆ. ಸೆಮಿಸ್ಟರ್ ಪರೀಕ್ಷೆಯಲ್ಲಿ ಶೇಕಡಾ 35 ಪಡೆದು, ಒಟ್ಟು ಮೊತ್ತ 40 ಮುಟ್ಟಿದರೆ ಉತ್ತೀರ್ಣ. ಅಂದರೆ ಇಂಟರ್ನಲ್ಸ್ ಚೆನ್ನಾಗಿರುವ ವಿದ್ಯಾರ್ಥಿಯು ಐದರಲ್ಲಿ ಎರಡು ಮಾಡ್ಯೂಲ್‌ಗಳನ್ನು ಗಟ್ಟಿಯಾಗಿ ಓದಿಕೊಂಡು, ಉಳಿದ ಮೂರನ್ನು ತೆರೆಯದೆಯೇ ವಿಷಯವನ್ನು ದಾಟಬಹುದು. ನಾನು ಅಷ್ಟು ಬಿಟ್ಟವನಲ್ಲ. ಆದರೂ ಪವರ್ ಸಿಸ್ಟಮ್ ಅನಾಲಿಸಿಸ್‌ನಲ್ಲಿ ಸಿಮೆಟ್ರಿಕಲ್ ಕಾಂಪೊನೆಂಟ್ಸ್ (ಅಸಮತೋಲನದ ಮೂರು ಫೇಸ್ ಕರೆಂಟನ್ನು ಸಮತೋಲನದ ಭಾಗಗಳಾಗಿ ಒಡೆಯುವ ವಿಧಾನ) ಇದ್ದ ಮಾಡ್ಯೂಲನ್ನು, ಲೆಕ್ಕ ಉದ್ದ ಎಂಬ ಒಂದೇ ಕಾರಣಕ್ಕೆ, ತಿಳಿದೇ ಬಿಟ್ಟೆ. ಒಳ್ಳೆಯ ಅಂಕಗಳೇ ಬಂದವು. ಬಿಟ್ಟದ್ದು ಏನು ಎಂಬುದು ಅಂಕಪಟ್ಟಿಯಲ್ಲಿ ಎಲ್ಲಿಯೂ ಕಾಣಲಿಲ್ಲ.

ಥಿಯರಿಗಿಂತ ಲ್ಯಾಬ್ ನನಗೆ ಹೆಚ್ಚು ಕಲಿಸಿತು. ಆಲ್ಟರ್ನೇಟರನ್ನು (ಎಸಿ ವಿದ್ಯುತ್ ಉತ್ಪಾದಿಸುವ ಯಂತ್ರವನ್ನು) ಲೈನಿಗೆ ಜೋಡಿಸುವ ಪ್ರಯೋಗದಲ್ಲಿ ಯಂತ್ರದ ಮೂರು ಫೇಸ್‌ಗಳಿಗೂ ಲೈನಿನ ಮೂರು ಫೇಸ್‌ಗಳಿಗೂ ನಡುವೆ ಮೂರು ಬಲ್ಬುಗಳನ್ನು ಕಟ್ಟಿರುತ್ತಾರೆ; ಯಂತ್ರದ ವೇಗ ನಿಮಿಷಕ್ಕೆ 1500 ಸುತ್ತುಗಳ ಹತ್ತಿರಕ್ಕೆ ಬರುತ್ತಿದ್ದಂತೆ ಅವು ಒಟ್ಟಿಗೆ ಉರಿದು ಒಟ್ಟಿಗೆ ಆರತೊಡಗುತ್ತವೆ, ವೇಗ ಹೊಂದಿಕೆಯಾದಷ್ಟೂ ಆ ಉಸಿರಾಟ ನಿಧಾನವಾಗುತ್ತದೆ, ಮೂರೂ ಪೂರ್ತಿ ಆರಿದ ಕ್ಷಣದಲ್ಲಿ ಸ್ವಿಚ್ ಹಾಕಬೇಕು. ಬ್ಯಾಚಿನಲ್ಲಿ ಜನ ಹೆಚ್ಚಿದ್ದು, ಸುಸ್ಥಿತಿಯಲ್ಲಿದ್ದ ಯಂತ್ರ ಒಂದೇ ಆದ್ದರಿಂದ ಆ ಸ್ವಿಚ್ಚಿಗೆ ಕೈಯಿಟ್ಟವರು ಕೆಲವರು ಮಾತ್ರ; ಉಳಿದವರು ರೀಡಿಂಗ್ ಬರೆದುಕೊಂಡು ರೆಕಾರ್ಡ್ ತುಂಬಿಸಿದರು. ಸೀಟು ತೆಗೆದುಕೊಳ್ಳುವ ಮುನ್ನ ಪೋಷಕರು ಕಟ್ಟಡದ ಬದಲು ಮಷೀನ್ಸ್ ಲ್ಯಾಬಿಗೆ ಹೋಗಿ, ಎಷ್ಟು ಸೆಟ್‌ಗಳು ತಿರುಗುತ್ತಿವೆ ಎಂದು ಎಣಿಸಿ ಬರುವುದು ಒಳ್ಳೆಯದು.

ಶಿವಮೊಗ್ಗದಲ್ಲಿ ಎಲೆಕ್ಟ್ರಿಕಲ್ ಓದುವವರಿಗೆ ಮಾತ್ರ ಸಿಗುವ ಒಂದು ಅನುಕೂಲವನ್ನು ಇಲ್ಲಿ ಹೇಳಲೇಬೇಕು. ನೂರು ಕಿಲೋಮೀಟರಿನಷ್ಟು ದೂರದ ಜೋಗದ ಬಳಿ, 1948ರಿಂದ ನಡೆಯುತ್ತಿರುವ ಮಹಾತ್ಮ ಗಾಂಧಿ ಜಲವಿದ್ಯುದಾಗಾರವಿದೆ. ಒಟ್ಟು 1035 ಮೆಗಾವಾಟ್ ಸಾಮರ್ಥ್ಯದ ಹತ್ತು ಘಟಕಗಳ ಶರಾವತಿ ವಿದ್ಯುದಾಗಾರವೂ ಅದೇ ಕಣಿವೆಯಲ್ಲಿದೆ. ಲಿಂಗನಮಕ್ಕಿಯ ನೀರು ಅಣೆಕಟ್ಟಿನ ಬುಡದ ವಿದ್ಯುದಾಗಾರದಲ್ಲಿ ಒಮ್ಮೆ ದುಡಿದು, ತಳಕಳಲೆ ಜಲಾಶಯಕ್ಕೆ ಹರಿದು, ಅಲ್ಲಿಂದ ಪೆನ್‌ಸ್ಟಾಕ್ ಎಂಬ ದೊಡ್ಡ ಕೊಳವೆಯಲ್ಲಿ ಧುಮುಕಿ ಮತ್ತೊಮ್ಮೆ ದುಡಿಯುತ್ತದೆ. ಆವರ್ತನ, ವೇಗ ಮತ್ತು ಪೋಲ್‌ಗಳನ್ನು (ಯಂತ್ರದ ಕಾಂತೀಯ ಧ್ರುವಗಳನ್ನು) ಜೋಡಿಸುವ ಸೂತ್ರವನ್ನು ಹಲವು ಸಲ ಬರೆದಿದ್ದರೂ, ಜಲವಿದ್ಯುತ್ ಯಂತ್ರಗಳಿಗೆ ಅಷ್ಟು ದೊಡ್ಡ ವ್ಯಾಸ, ಅಷ್ಟೊಂದು ಪೋಲ್‌ಗಳು ಏಕೆ ಬೇಕೆಂಬುದು ನಿಧಾನವಾಗಿ ತಿರುಗುವ ಆ ಯಂತ್ರದ ಪಕ್ಕದಲ್ಲಿ ನಿಂತಾಗಲೇ ನನಗೆ ಅರ್ಥವಾಯಿತು. ಒಳಗೆ ಹೋಗಲು ಅನುಮತಿ ಬೇಕು. ಕಾಲೇಜು ಅದನ್ನು ಪಡೆದು ಕರೆದೊಯ್ಯುತ್ತದೆಯೇ ಎಂದು ಸೇರುವ ಮೊದಲೇ ಕೇಳಿರಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವರ್ಷ ಕಷ್ಟ. ಸಾಂಸ್ಕೃತಿಕ ಕನ್ನಡ ಎಂಬ ಒಂದು ಕ್ರೆಡಿಟ್ಟಿನ ವಿಷಯವಿದೆ, ಚೆನ್ನಾಗಿಯೂ ಇದೆ, ಆದರೆ ಅದರಿಂದ ಗಣಿತದ ಪಾಠ ಸುಲಭವಾಗುವುದಿಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ಕನ್ನಡದಲ್ಲಿ ಸಿದ್ಧಪಡಿಸಿರುವ ಮೊದಲ ವರ್ಷದ ಪಠ್ಯಪುಸ್ತಕಗಳು ಅದರ ಇ-ಕುಂಭ್ ಪೋರ್ಟಲಿನಲ್ಲಿ ಉಚಿತವಾಗಿ ಸಿಗುತ್ತವೆ. ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿಟ್ಟುಕೊಂಡು ಓದಲು ಅವು ನಿಜವಾಗಿ ಉಪಯುಕ್ತ. ಸಾಮಾನ್ಯ ಪ್ರವೇಶದವರು ನೂರು, ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಬಂದವರು 75 ಆಕ್ಟಿವಿಟಿ ಪಾಯಿಂಟ್‌ಗಳನ್ನು (ಪಾಠದ ಹೊರಗಿನ ಚಟುವಟಿಕೆಗಳಿಗೆ ಸಿಗುವ ಅಂಕಗಳನ್ನು) ಗಳಿಸಬೇಕು. ಇಂಟರ್ನ್‌ಶಿಪ್ ವಿಚಾರದಲ್ಲಿ ಎಚ್ಚರವಿರಲಿ: ನಾನು ಹಣ ಕಟ್ಟಿ ಸೇರಿದ ಒಂದು ಸಂಸ್ಥೆ ಕೆಲವು ವಿಡಿಯೊಗಳನ್ನು ಕಳುಹಿಸಿ, ಕೊನೆಗೆ ಸರ್ಟಿಫಿಕೇಟ್ ಕೊಟ್ಟಿತು, ಅಷ್ಟೆ. ಅದೇ ದಿನಗಳನ್ನು ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಯಾವುದಾದರೂ ಘಟಕದ ಪ್ಯಾನೆಲ್ ಬೋರ್ಡಿನ ಮುಂದೆ ಕಳೆದಿದ್ದರೆ ಹೆಚ್ಚು ಕಲಿಯುತ್ತಿದ್ದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ತಂಡ ಪಂಪ್‌ಸೆಟ್ ಮೋಟಾರಿನ ರಕ್ಷಣೆಯನ್ನು ಆರಿಸಿಕೊಂಡಿತು. ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದು ಒಂದು ಫೇಸ್ ಹೋದರೆ, ತಿರುಗುತ್ತಿದ್ದ ಮೋಟಾರು ನಿಲ್ಲದೆ ಉಳಿದ ಎರಡು ಲೈನುಗಳಿಂದ ಹೆಚ್ಚು ಕರೆಂಟು ಎಳೆದುಕೊಂಡು ಕಾದು ಸುಟ್ಟುಹೋಗುವುದು ನಮ್ಮ ಸೀಮೆಯ ಎಲ್ಲ ತೋಟದವರಿಗೂ ಗೊತ್ತು. ಅದು ಏಕೆ ಹಾಗೆ ಕಾಯುತ್ತದೆ, ಎಷ್ಟು ಬೇಗ ಕಡಿತಗೊಳಿಸಬೇಕು ಎಂದು ಲೆಕ್ಕ ಹಾಕಲು ಕುಳಿತಾಗ, ಅಸಮತೋಲನದ ಕರೆಂಟನ್ನು ಮೋಟಾರಿನ ದಿಕ್ಕಿನಲ್ಲಿ ತಿರುಗುವ ಕ್ಷೇತ್ರದ ಪಾಸಿಟಿವ್ ಮತ್ತು ಅದಕ್ಕೆ ವಿರುದ್ಧವಾದ ನೆಗೆಟಿವ್ ಸೀಕ್ವೆನ್ಸ್‌ಗಳಾಗಿ ಒಡೆಯಬೇಕಾಯಿತು. ಹಿಮ್ಮುಖವಾಗಿ ತಿರುಗುವ ನೆಗೆಟಿವ್ ಸೀಕ್ವೆನ್ಸ್ ಕ್ಷೇತ್ರವು ರೋಟರಿನಲ್ಲಿ ಹೆಚ್ಚುಕಡಿಮೆ 100 ಹರ್ಟ್ಸ್‌ನ ಕರೆಂಟನ್ನು ಎಬ್ಬಿಸುತ್ತದೆ ಎಂಬುದು ಆಗಲೇ ತಿಳಿದದ್ದು. ಅದೇ ನಾನು ಬಿಟ್ಟಿದ್ದ ಮಾಡ್ಯೂಲು. ಎರಡು ವಾರ ಕುಳಿತು, ಯಾವ ಪರೀಕ್ಷೆಯೂ ಎದುರಿಗಿಲ್ಲದೆ, ಅದನ್ನು ಮೊದಲ ಪುಟದಿಂದ ಓದಿದೆ. ವೈವಾ ಮುಗಿದ ಮೇಲೆ ನಾವು ತಯಾರಿಸಿದ ರಕ್ಷಣಾ ಪೆಟ್ಟಿಗೆಯನ್ನು ಮನೆಗೆ ತಂದು ತೋಟದ ಪಂಪ್‌ಹೌಸಿನಲ್ಲಿ ಅಳವಡಿಸಿದ್ದೇನೆ. ಕಳೆದ ಮಳೆಗಾಲದಲ್ಲಿ ಅದು ಮೂರು ಸಲ ಮೋಟಾರನ್ನು ಕಡಿತಗೊಳಿಸಿತು.