ಲೆವಿಯಥನ್ ಕೊಡಲಿ: ಎಸೆಯುವುದಕ್ಕಿಂತ ವಾಪಸ್ ಕರೆಸುವುದೇ ಮಜಾ

‘ಗಾಡ್ ಆಫ್ ವಾರ್’ ವಿಡಿಯೋ ಗೇಮ್ 2018ರಲ್ಲಿ ಪಿಎಸ್4 (ಪ್ಲೇಸ್ಟೇಷನ್ 4) ಕನ್ಸೋಲ್‌ಗೆ ಬಂದಾಗಿನಿಂದ ಅದರ ನಾಯಕ ಕ್ರೇಟೋಸ್‌ನ ಈ ಕೊಡಲಿ ಹಿಡಿದಿದ್ದೇನೆ. 2022ರಲ್ಲಿ ಬಂದ ಮುಂದಿನ ಭಾಗ ‘ರಾಗ್ನರಾಕ್’ ಕೂಡ ಹೆಚ್ಚುಕಮ್ಮಿ ಇದರಲ್ಲೇ ಮುಗಿಸಿದೆ. ಮುಂಬೈ ಲೋಕಲ್ ರೈಲಿನಲ್ಲಿ ಜಜ್ಜಿಸಿಕೊಂಡು ಡೊಂಬಿವಿಲಿ ಸೇರಿದ ಮೇಲೆ, ರಾತ್ರಿ ಅರ್ಧ ಗಂಟೆ ಗೇಮಿನ ಜೀವಂತ ಹೆಣಗಳಾದ ಡ್ರಾಗರ್‌ಗಳ ಮೇಲೆ ಬೀಸಿದರೆ ತಲೆ ಹಗುರ.

ಕಂಟ್ರೋಲರ್‌ನ ಎಲ್2 ಗುಂಡಿ ಒತ್ತಿ ಗುರಿ, ಆರ್2ಗೆ ಎಸೆತ, ಟ್ರಯಾಂಗಲ್‌ಗೆ ವಾಪಸ್. ಎಷ್ಟೇ ದೂರದ ಗೋಡೆಗೆ ನಾಟಿರಲಿ, ಗಿರ್ರನೆ ತಿರುಗುತ್ತಾ ಬಂದು ಅಂಗೈ ಸೇರುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಕಂಟ್ರೋಲರ್ ಡಬ್ಬೆಂದು ನಡುಗುತ್ತದೆ. ಬರುವ ದಾರಿಯಲ್ಲಿ ಸಿಕ್ಕವರಿಗೂ ಏಟು. “ಚಿಕ್ಕಪ್ಪಾ, ಇದು ಸುದರ್ಶನ ಚಕ್ರ ಅಲ್ವಾ?” ಅಂತ ಅಣ್ಣನ ಮಗ ಕೇಳಿದ. ಮಾಟುಂಗದಲ್ಲಿ ಯಕ್ಷಗಾನ ನೋಡಿ ಬೆಳೆದ ಹುಡುಗ, ಇನ್ನೇನು ಕೇಳಿಯಾನು!

ಅಸಲಿಗೆ ಗೇಮಿಗೆ ಆಧಾರವಾದ ನಾರ್ಸ್ (ಉತ್ತರ ಯುರೋಪಿನ) ಪುರಾಣದಲ್ಲಿ ಈ ಕೊಡಲಿಯೇ ಇಲ್ಲ. ಗುರಿ ತಪ್ಪದೆ ಹೋಗಿ ಕೈಗೆ ಮರಳುವುದು ಗುಡುಗಿನ ದೇವರು ಥಾರ್‌ನ ಸುತ್ತಿಗೆ ಮ್ಯೋಲ್ನಿರ್‌ನ ಗುಣ. ಅದನ್ನು ಮಾಡಿಕೊಟ್ಟ ಕುಬ್ಜ ಅಣ್ಣತಮ್ಮಂದಿರಾದ ಬ್ರಾಕ್ ಮತ್ತು ಸಿಂಡ್ರಿಯೇ ಆ ಸುತ್ತಿಗೆಗೆ ಸರಿಸಾಟಿಯಾಗಿ, ಕ್ರೇಟೋಸ್‌ನ ಹೆಂಡತಿ ಫೇಗೆ ಈ ಕೊಡಲಿ ಮಾಡಿಕೊಟ್ಟರು ಎಂದು ಗೇಮಿನವರು ಕಥೆ ಹೆಣೆದಿದ್ದಾರೆ. ಜಾಣತನ. ರಕ್ತ ಮೆತ್ತಿದ ಕೊಡಲಿ ಕಂಡರೆ ಸಿಂಡ್ರಿಗೆ ವಾಕರಿಕೆ ಬರುವುದಂತೂ ಇವತ್ತಿಗೂ ನಗು ತರಿಸುತ್ತದೆ.

ಹೊಸಬರು ಎಸೆದ ತಕ್ಷಣ ವಾಪಸ್ ಕರೆಸುತ್ತಾರೆ. ಅವಸರ ಬೇಡ. ಒಬ್ಬನನ್ನು ಕೊಡಲಿಯಿಂದ ಹಿಮಗಟ್ಟಿಸಿ, ಅಲ್ಲೇ ಬಿಟ್ಟು, ಉಳಿದವರನ್ನು ಬರಿಗೈಯಲ್ಲಿ ಗುದ್ದಿ: ಶತ್ರು ಎಷ್ಟು ತತ್ತರಿಸಿದ್ದಾನೆಂದು ತೋರಿಸುವ ಸ್ಟನ್ ಮೀಟರ್ ಬೇಗ ತುಂಬುತ್ತದೆ. ಒಗಟುಗಳಲ್ಲೂ ಅಷ್ಟೇ, ಹಲ್ಲುಚಕ್ರಕ್ಕೆ ನಾಟಿಸಿದರೆ ಅದು ಹೆಪ್ಪುಗಟ್ಟಿ ನಿಲ್ಲುತ್ತದೆ, ನೀವು ಬಾಗಿಲು ದಾಟಿದ ಮೇಲೆ ಕರೆಸಿಕೊಳ್ಳಿ.

ಸತ್ತವರ ಲೋಕವಾದ ಹೆಲ್‌ಹೈಮ್‌ನ ಹಿಮದ ಹೆಣಗಳ ಎದುರು ಮಾತ್ರ ಇದರ ಆಟ ನಡೆಯುವುದಿಲ್ಲ, ಕ್ರೇಟೋಸ್‌ನ ಇನ್ನೊಂದು ಆಯುಧ, ಬೆಂಕಿಯ ಬ್ಲೇಡ್ಸ್ ಆಫ್ ಕೇಯಾಸ್ ಬೇಕೇ ಬೇಕು. ಆಯುಧ ಬದಲಿಸಲು ಸೋಮಾರಿತನ ಪಡುವವರು ಇಲ್ಲಿ ಸಾಯುತ್ತಾರೆ. 2018ರ ಗೇಮಿನಲ್ಲಿ ಫ್ರೋಜನ್ ಫ್ಲೇಮ್ ಎಂಬ ವಸ್ತು ಹಾಕಿ ಕೊಡಲಿಯನ್ನು 6ನೇ ಹಂತದವರೆಗೆ ಏರಿಸಬಹುದು; ಬಲ ಹೆಚ್ಚುತ್ತದೆ, ಆದರೆ ಮಜಾ ಮೊದಲನೇ ಹಂತದಲ್ಲೇ ಪೂರ್ತಿ ಇದೆ. ‘ರಾಗ್ನರಾಕ್’ನಲ್ಲಿ ಟ್ರಯಾಂಗಲ್ ಒತ್ತಿ ಹಿಡಿದು ಅಲಗಿಗೆ ಹಿಮ ತುಂಬುವುದು ಸೇರಿಕೊಂಡಿದೆ, ಅದು ಒಳ್ಳೆಯ ಸೇರ್ಪಡೆ.

ಪಿಸಿಯಲ್ಲೂ ಸಿಗುತ್ತದೆ. ಆದರೆ ಕೀಬೋರ್ಡ್‌ನಲ್ಲಿ ಆಡುವವರಿಗೆ ಆ ಡಬ್ಬೆನ್ನುವ ನಡುಕ ಸಿಗದು. ಹಳೆಯದಾದರೂ ಸರಿ, ಒಂದು ಕಂಟ್ರೋಲರ್ ಹೊಂದಿಸಿಕೊಳ್ಳಿ.