ಸಕ್ಕರೆ ಇಲ್ಲದ ಆ ಸಿಹಿ ಎಲ್ಲಿಂದ ಬಂತು? ಹರ್ಬಲ್ ಟೀ ಮತ್ತು ಎಸೆನ್ಷಿಯಲ್ ಆಯಿಲ್ ಸೆಟ್‌ನ ವಿಮರ್ಶೆ

ಈ ವಿಮರ್ಶೆಯನ್ನು ಮೊದಲ ತಿಂಗಳಲ್ಲೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಈಗ ಟೀಗೆ ಎರಡು, ಎಣ್ಣೆಗಳಿಗೆ ನಾಲ್ಕು. ಮನೆಯಲ್ಲಿ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಇದ್ದರೆ ದಯವಿಟ್ಟು ಪೂರ್ತಿ ಓದಿ.

ನಾನು ತರಿಸಿದ್ದು ಒಂದು ಸೆಟ್. ರಾತ್ರಿ ಕುಡಿಯುವ ಟೀ, ಲ್ಯಾವೆಂಡರ್, ಲೆಮನ್‌ಗ್ರಾಸ್ ಮತ್ತು ನೀಲಗಿರಿ ಎಣ್ಣೆ, ಜೊತೆಗೆ ಎಣ್ಣೆಯ ಪರಿಮಳ ಕೋಣೆಗೆ ಹರಡುವ ಒಂದು ಡಿಫ್ಯೂಸರ್. ಫೋಟೊ, ಅಳತೆ, ಬಣ್ಣ ಎಲ್ಲ ನೀವು ನೋಡಿಯೇ ಇರುತ್ತೀರಿ, ಅದನ್ನು ಮತ್ತೆ ಹೇಳುವುದಿಲ್ಲ. ಇಂಥದ್ದಕ್ಕೆಲ್ಲ ನಾನು ತಿಂಗಳಿಗೆ 500 ರೂಪಾಯಿಗಿಂತ ಜಾಸ್ತಿ ತೆಗೆದಿಡುವುದಿಲ್ಲ. ಸೆಟ್ ದುಬಾರಿ ಅನ್ನಿಸಿತು. ಆದರೂ ಒಂದೆರಡು ಚಳಿಗಾಲ ಬಳಸಿದ್ದೇನೆ, ಟೀಯನ್ನು ಮತ್ತೆ ಮತ್ತೆ ತರಿಸಿದ್ದೇನೆ.

ಮೊದಲು ಟೀ. ನಮ್ಮ ಮನೆ ಯಲಹಂಕದಲ್ಲಿ. ಹೆಬ್ಬಾಳ ಫ್ಲೈಓವರ್ ದಾಟಿ ಮನೆ ಸೇರುವ ಹೊತ್ತಿಗೆ ತಲೆ ಭಾರವಾಗಿರುತ್ತದೆ. ಆಗ ಕಾಫಿ ಕುಡಿದರೆ ರಾತ್ರಿ ಹನ್ನೆರಡಾದರೂ ನಿದ್ದೆ ಹತ್ತುವುದಿಲ್ಲ. ಈ ಟೀ ಆ ಜಾಗಕ್ಕೆ ಸರಿಯಾಗಿ ಕೂತಿತು. ನೀರು ಕುದಿಸಿ ಒಲೆ ಆರಿಸುತ್ತಿದ್ದೆ. ಒಂದು ಚಮಚ ಸೊಪ್ಪಿನ ಪುಡಿ ಹಾಕಿ ತಟ್ಟೆ ಮುಚ್ಚುತ್ತಿದ್ದೆ. ತಟ್ಟೆ ಮುಚ್ಚುವುದು ಮುಖ್ಯ. ತುಳಸಿ, ಚಕ್ಕೆಯ ಪರಿಮಳ ಇರುವುದು ಆವಿಯಾಗಿ ಹೋಗುವ ಎಣ್ಣೆಯಲ್ಲಿ, ಮುಚ್ಚದಿದ್ದರೆ ಅಡುಗೆಮನೆಗೆ ಘಮ, ಲೋಟಕ್ಕೆ ಬರೀ ಬಣ್ಣ. ಐದಾರು ನಿಮಿಷ ಬಿಟ್ಟು ತಟ್ಟೆ ತೆಗೆದು, ಅದಕ್ಕೆ ಅಂಟಿದ ಹನಿಗಳನ್ನೂ ಲೋಟಕ್ಕೇ ಕೊಡವುತ್ತಿದ್ದೆ. ದಿನದ ಆ ಹೊತ್ತು ನನಗೆ ನಿಜಕ್ಕೂ ಇಷ್ಟವಾಗಿತ್ತು. ಫೋನ್ ಬೇರೆ ರೂಮಿನಲ್ಲಿ, ನಾನು ಮತ್ತು ಅಮ್ಮ ಬಾಲ್ಕನಿಯಲ್ಲಿ.

ಅಮ್ಮನಿಗೆ ನನಗಿಂತ ಜಾಸ್ತಿ ಹಿಡಿಸಿತು. "ಸಕ್ಕರೆ ಹಾಕಿದ್ದೀಯೇನೋ?" ಎಂದು ಮೊದಲ ದಿನ ಕೇಳಿದರು. "ಇಲ್ಲಮ್ಮ, ಅದೇ ಸಿಹಿ ಇದೆ" ಎಂದೆ. ಶುಗರ್ ಗಡಿಯಲ್ಲಿದೆ ಎಂದು ಸಕ್ಕರೆ ಬಿಟ್ಟವರಿಗೆ ಇದು ಹಬ್ಬ ಅಲ್ವಾ? ಸಂಜೆ ಒಂದು ಲೋಟ ಇದ್ದದ್ದು ಬೆಳಿಗ್ಗೆಯೂ ಒಂದು ಲೋಟ ಆಯಿತು. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ "ಸಕ್ಕರೆ ಇಲ್ಲ, ಪೂರ್ತಿ ನೈಸರ್ಗಿಕ" ಎಂದು ಬರೆದಿತ್ತು.

ಆ ಸಿಹಿ ಜ್ಯೇಷ್ಠಮಧು ಎಂಬ ಬೇರಿನದು. ಅದರಲ್ಲಿರುವ ಗ್ಲಿಸಿರೈಸಿನ್ ಎಂಬ ಅಂಶ ಸಕ್ಕರೆಗಿಂತ ಹತ್ತಾರು ಪಟ್ಟು ಸಿಹಿ. ಆದರೆ ಅದು ಸುಮ್ನೆ ಸಿಹಿ ಕೊಟ್ಟು ಹೋಗುವುದಿಲ್ಲ. ನಮ್ಮ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನ್ ಇದೆ. ಕಿಡ್ನಿಯಲ್ಲಿ ಅದರ ಜೋರು ತಗ್ಗಿಸುವ ಒಂದು ಕಿಣ್ವ ಇರುತ್ತದೆ. ಗ್ಲಿಸಿರೈಸಿನ್ ಆ ಕಿಣ್ವಕ್ಕೆ ಅಡ್ಡ ಬರುತ್ತದೆ. ಆಗ ದೇಹ ಉಪ್ಪು, ನೀರು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಹೊರಗೆ ಹಾಕುತ್ತದೆ. ಬಿಪಿ ಏರುತ್ತದೆ.

ಅಮ್ಮನಿಗೆ ಹೀಗೇ ಆಯಿತು. ಮನೆಯ ಬಿಪಿ ಮೆಷಿನ್‌ನಲ್ಲಿ 130ರ ಆಸುಪಾಸು ಇರುತ್ತಿದ್ದ ಮೇಲಿನ ಅಂಕೆ 150 ದಾಟತೊಡಗಿತು. ಕಾಲು ಊದಿಕೊಂಡಿತು. ಮೆಟ್ಟಿಲು ಹತ್ತುವಾಗ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಮಾತ್ರೆ ತಪ್ಪಿಸಿರಲಿಲ್ಲ, ಉಪ್ಪಿನಕಾಯಿ ಬಿಟ್ಟು ವರ್ಷಗಳಾಗಿವೆ. ನಾವು ತೋರಿಸುವ ಡಾಕ್ಟರು "ಹೊಸದಾಗಿ ಏನಾದರೂ ತಗೊಳ್ತಿದ್ದೀರಾ? ಕಷಾಯ, ಲೇಹ್ಯ, ಪುಡಿ?" ಎಂದು ಕೇಳಿದರು. ಮನೆಗೆ ಬಂದು ಡಬ್ಬಿಯ ಹಿಂಬದಿಯ ಫೋಟೊ ತೆಗೆದು ಕಳಿಸಿದೆ. ತಕ್ಷಣ ನಿಲ್ಲಿಸಿ, ಪೊಟ್ಯಾಸಿಯಂ ಟೆಸ್ಟ್ ಮಾಡಿಸಿ ಎಂದರು. ಅದು ಕಡಿಮೆ ಬಂತು. ಅಮ್ಮನ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿದೆ, ಅದೂ ಪೊಟ್ಯಾಸಿಯಂ ಇಳಿಸುತ್ತದೆ. ಎರಡೂ ಸೇರಿದರೆ ಕಷ್ಟ ಎಂದು ವಿವರಿಸಿದರು. ಟೀ ನಿಲ್ಲಿಸಿದ ಕೆಲವು ವಾರಗಳಲ್ಲಿ ಅಂಕೆ ಮೊದಲಿನ ಜಾಗಕ್ಕೆ ಇಳಿಯಿತು.

ಕಂಪನಿಗೆ ಬರೆದೆ. ನನಗೆ ಬೇಕಾಗಿದ್ದು ದುಡ್ಡು ವಾಪಸ್ ಅಲ್ಲ. ಒಂದು ಚಮಚದಲ್ಲಿ ಜ್ಯೇಷ್ಠಮಧು ಎಷ್ಟು ಗ್ರಾಂ ಇದೆ ಎಂದು ಮಾತ್ರ ಕೇಳಿದ್ದೆ. "ನಮ್ಮ ಪದಾರ್ಥಗಳೆಲ್ಲ ನೈಸರ್ಗಿಕ, ಅಡ್ಡ ಪರಿಣಾಮ ಇಲ್ಲ" ಎಂಬ ಉತ್ತರ ಬಂತು. ಇದೇ ನನಗೆ ಸಿಟ್ಟು ತರಿಸಿದ್ದು. ಬಿಪಿ ಏರಿಸುವುದೂ ಅದೇ ನೈಸರ್ಗಿಕ ಬೇರು ತಾನೇ?

ನಮ್ಮ ದೇಶದ ನಿಯಮದ ಪ್ರಕಾರ ಪ್ಯಾಕೆಟ್ ಮೇಲೆ ಪದಾರ್ಥಗಳನ್ನು ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆಯಬೇಕು. ಈ ಡಬ್ಬಿಯಲ್ಲಿ ತುಳಸಿ ಆದ ಮೇಲೆ ಜ್ಯೇಷ್ಠಮಧುವೇ ಇದೆ. ಶುಂಠಿ, ಚಕ್ಕೆ, ಕ್ಯಾಮೊಮೈಲ್ ಎಲ್ಲ ಆಮೇಲೆ. ಅಂದರೆ ಎರಡನೇ ಅತಿ ದೊಡ್ಡ ಪಾಲು ಅದರದ್ದು. ಆದರೆ ಎಷ್ಟು ಎಂಬುದು ಇಲ್ಲ. ಯುರೋಪಿನಲ್ಲಿ 2004ರಲ್ಲೇ ಇದಕ್ಕೊಂದು ನಿಯಮ ಬಂದಿದೆ. ಲೀಟರಿಗೆ 50 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಗ್ಲಿಸಿರೈಸಿನ್ ಇದ್ದರೆ, ಬಿಪಿ ಇರುವವರು ಹೆಚ್ಚು ಕುಡಿಯಬಾರದು ಎಂದು ಪ್ಯಾಕೆಟ್ ಮೇಲೇ ಬರೆಯಬೇಕು. ಇಲ್ಲಿ ಅಂಥ ಒಂದು ಸಾಲು ಇದ್ದಿದ್ದರೆ ಅಮ್ಮ ಅದನ್ನು ಮೊದಲ ದಿನವೇ ಓದುತ್ತಿದ್ದರು. ಅವರು ಬಿಸ್ಕತ್ ಪ್ಯಾಕೆಟ್ಟನ್ನೂ ಕನ್ನಡಕ ಹಾಕಿಕೊಂಡು ಓದುವವರು.

ಅಂದ ಹಾಗೆ, ಅದೇ ಪಟ್ಟಿಯ ಕ್ಯಾಮೊಮೈಲ್ ಬಗ್ಗೆಯೂ ಒಂದು ಮಾತು. ಅದು ಸೇವಂತಿಗೆಯ ಕುಟುಂಬದ ಹೂವು. ನಮ್ಮೂರಿನ ಖಾಲಿ ಸೈಟುಗಳಲ್ಲೆಲ್ಲ ಬೆಳೆಯುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಅದೂ ಇದೇ ಕುಟುಂಬ. ಆ ಗಿಡ ತಾಗಿದರೆ ಮೈ ಕೆರೆಯುವವರು, ಸೀನು ಬರುವವರು ಬೆಂಗಳೂರಿನಲ್ಲಿ ತುಂಬ ಇದ್ದಾರೆ. ಅಂಥವರು ಕ್ಯಾಮೊಮೈಲ್ ಮೊದಲ ಸಲ ಕುಡಿಯುವಾಗ ಎರಡು ಗುಟುಕಿಗೆ ನಿಲ್ಲಿಸಿ ನೋಡುವುದು ಒಳ್ಳೆಯದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಇನ್ನು ಎಣ್ಣೆಗಳು. ಇಲ್ಲಿ ನನಗೆ ಹೇಳಲು ಒಳ್ಳೆಯದೇ ಜಾಸ್ತಿ ಇದೆ.

ಲೆಮನ್‌ಗ್ರಾಸ್ ಎಣ್ಣೆ ಇಲ್ಲದ ಬೆಳಗು ನನಗೆ ಈಗ ಸಪ್ಪೆ. ಬಕೆಟ್‌ಗೆ ಬಿಸಿನೀರು ಬಿಡುವ ಮೊದಲು ಬಚ್ಚಲಿನ ಮೂಲೆಯಲ್ಲಿ ಒಂದೇ ಹನಿ ಬಿಡುತ್ತೇನೆ. ಹಬೆ ಏಳುತ್ತಿದ್ದಂತೆ ಮಳೆಯಲ್ಲಿ ನೆನೆದ ಹುಲ್ಲು, ನಿಂಬೆಸಿಪ್ಪೆ ಎರಡೂ ಸೇರಿದ ವಾಸನೆ ಬಚ್ಚಲು ತುಂಬುತ್ತದೆ. ಕಣ್ಣು ಪೂರ್ತಿ ತೆರೆಯುವುದೇ ಆಗ. ಮೈಗೆ, ಸ್ನಾನದ ನೀರಿಗೆ ನೇರವಾಗಿ ಹಾಕುವುದಿಲ್ಲ. ಅದರ ಬಹುಪಾಲು ಸಿಟ್ರಾಲ್ ಎಂಬ ಅಂಶ, ಚರ್ಮಕ್ಕೆ ಉರಿ. ಇದರಿಂದ ಸೊಳ್ಳೆ ಓಡುತ್ತದೆ ಎಂದು ನಂಬಬೇಡಿ. ವಾಸನೆ ಬೇಗ ಹಾರಿಹೋಗುತ್ತದೆ, ಸೊಳ್ಳೆ ವಾಪಸ್ ಬರುತ್ತದೆ. ನಮ್ಮ ಮನೆಯಲ್ಲಿ ಪರದೆಯೇ ಗಟ್ಟಿ.

ಲ್ಯಾವೆಂಡರ್ ಅಸಲಿ. ಬಾಟಲಿ ಮೇಲೆ ಲಾವಂಡುಲಾ ಆಂಗಸ್ಟಿಫೋಲಿಯಾ ಎಂದು ಗಿಡದ ಹೆಸರು ಇದೆ. ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ ಬಿಟ್ಟೆ. ಜಿಡ್ಡಿನ ಕಲೆ ಉಳಿಯದೆ ಆರಿತು, ಅಂದರೆ ಅಡುಗೆ ಎಣ್ಣೆ ಬೆರೆಸಿಲ್ಲ. ಶ್ರೀಗಂಧ, ಲಾವಂಚದಂಥ ಭಾರದ ಎಣ್ಣೆಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಹತ್ತು ಎಂಎಲ್ ಕೊಬ್ಬರಿ ಎಣ್ಣೆಗೆ ನಾಲ್ಕು ಹನಿ ಬೆರೆಸಿ ಇಟ್ಟಿದ್ದೇನೆ, ಸುಮಾರು ಶೇಕಡಾ 2ರಷ್ಟು. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತ ಮೇಲೆ ಕತ್ತಿನ ಹಿಂದೆ ಹಚ್ಚಿ ಉಜ್ಜಿದರೆ ಹಾಯೆನಿಸುತ್ತದೆ. ಕಾಯಿಲೆ ವಾಸಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾಯೆನಿಸುವುದಕ್ಕೇ ನಾನು ದುಡ್ಡು ಕೊಟ್ಟದ್ದು.

ಡಿಫ್ಯೂಸರ್ ಚೆನ್ನಾಗಿದೆ, ಆದರೆ ಬೋರ್‌ವೆಲ್ ನೀರು ಹಾಕಬೇಡಿ. ಇದು ನೀರನ್ನು ಕಾಯಿಸುವುದಿಲ್ಲ, ನಡುಗಿಸಿ ಮಂಜು ಮಾಡುತ್ತದೆ. ಹಾಗಾಗಿ ಗಡಸು ನೀರಿನ ಸುಣ್ಣವೂ ಗಾಳಿಗೆ ಬರುತ್ತದೆ. ಟ್ಯಾಂಕರ್ ನೀರು ಹಾಕಿದ ವಾರ ಟಿವಿ ಸ್ಟ್ಯಾಂಡ್ ಮೇಲೆ ರಂಗೋಲಿ ಪುಡಿ ಚೆಲ್ಲಿದ ಹಾಗೆ ಬಿಳಿ ಧೂಳು ಕೂತಿತ್ತು. ಫಿಲ್ಟರ್ ನೀರಿಗೆ ಬದಲಾಯಿಸಿದ ಮೇಲೆ ಆ ತೊಂದರೆ ಇಲ್ಲ.

ನೀಲಗಿರಿ ಎಣ್ಣೆಗೆ ಒಂದು ಸ್ಟಾರ್ ಕಡಿಮೆ ಮಾಡಿದ್ದೇನೆ. ಎಣ್ಣೆ ಒಳ್ಳೆಯದೇ, ಮುಚ್ಚಳ ಸರಿಯಿಲ್ಲ. ಮಗು ಕೂಡ ಸುಲಭವಾಗಿ ತಿರುಗಿಸಬಹುದು. ಒಂದು ಚಮಚ ಹೊಟ್ಟೆಗೆ ಹೋದರೂ ಮಕ್ಕಳಿಗೆ ಫಿಟ್ಸ್ ಬರಬಹುದು. ನಮ್ಮ ಸೇಂಟ್ ಜಾನ್ಸ್ ಆಸ್ಪತ್ರೆಯ ನರರೋಗ ತಜ್ಞರು ನೀಲಗಿರಿ ಮತ್ತು ಕರ್ಪೂರ ಇರುವ ಎಣ್ಣೆಗಳಿಂದ ಬರುವ ಫಿಟ್ಸ್ ಬಗ್ಗೆ ಅಧ್ಯಯನ ಪ್ರಕಟಿಸಿದ್ದಾರೆ. ಅಕ್ಕನ ಮಗ ಬಂದಾಗೆಲ್ಲ ಈ ಬಾಟಲಿ ಬೀರುವಿನ ಒಳಗೆ ಹೋಗುತ್ತದೆ.

ಟೀ ಜಾಗಕ್ಕೆ ಈಗ ಬೇರೆ ಬಂದಿದೆ. ಜಿಕೆವಿಕೆ, ಅಂದರೆ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಿಂದ ತಂದ ಲೆಮನ್‌ಗ್ರಾಸ್ ಬುಡ ಕುಂಡದಲ್ಲಿ ಚೆನ್ನಾಗಿ ಹಬ್ಬಿದೆ. ಅದರ ಎರಡು ಗರಿ, ಹುರಿದು ಕುಟ್ಟಿದ ಕೊತ್ತಂಬರಿ ಬೀಜ, ಜೀರಿಗೆ, ಚೂರು ಒಣಶುಂಠಿ. ಅಂಗಡಿಯ ರೆಡಿ ಕಷಾಯ ಪುಡಿ ತರುವುದಾದರೆ ಅದರಲ್ಲೂ ಜ್ಯೇಷ್ಠಮಧು ಇದೆಯೇ ಎಂದು ಕೇಳಿ, ಎಷ್ಟೋ ಪುಡಿಗಳಲ್ಲಿ ಇರುತ್ತದೆ. ನಮ್ಮ ಕಷಾಯಕ್ಕೆ ಆ ಸಿಹಿ ಇಲ್ಲ, ಅಮ್ಮ ದಿನಾ ಅದನ್ನು ಹೇಳಿಯೇ ಕುಡಿಯುತ್ತಾರೆ. ರುಚಿಯಲ್ಲಿ ಆ ಡಬ್ಬಿಯ ಟೀಯೇ ಮೇಲು, ಅದನ್ನು ಒಪ್ಪಿಕೊಳ್ಳುತ್ತೇನೆ. ಕಂಪನಿಯವರು ಇದನ್ನು ಓದುತ್ತಿದ್ದರೆ, ಡಬ್ಬಿಯ ಮೇಲೆ ಜ್ಯೇಷ್ಠಮಧುವಿನ ಪ್ರಮಾಣ ಹಾಕಿ, ಪಕ್ಕದಲ್ಲೇ ಬಿಪಿ ಬಗ್ಗೆ ಒಂದು ಸಾಲು ಬರೆಯಿರಿ. ಕನ್ನಡದಲ್ಲೂ ಬರೆಯಿರಿ. ಆ ದಿನ ನಾನು ಎರಡು ಸ್ಟಾರ್ ಅನ್ನು ನಾಲ್ಕು ಮಾಡುತ್ತೇನೆ.