ಬ್ಲ್ಯಾಕ್ ವಿಡೋ ಜೇಡ: ಗಂಡು ಯಾವುದು, ಹೆಣ್ಣು ಯಾವುದು?

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಗ್ಯಾರೇಜ್ ಮೂಲೆ, ಸೌದೆ ರಾಶಿಗಳಲ್ಲಿ ಸಿಗುವ ಜೇಡ ಇದು. ಹೆಣ್ಣನ್ನು ಗುರುತಿಸುವುದು ಸುಲಭ. ಮಿರಮಿರ ಮಿಂಚುವ ಕಪ್ಪು ಮೈ, ದುಂಡನೆಯ ಹೊಟ್ಟೆ, ಕಾಲು ಬಿಟ್ಟು ಸುಮಾರು 15 ಮಿಲಿಮೀಟರ್‌ವರೆಗೆ ಉದ್ದ. ಬಲೆಯಲ್ಲಿ ತಲೆಕೆಳಗಾಗಿ ನೇತಾಡುವುದರಿಂದ ಹೊಟ್ಟೆಯಡಿಯ ಡಮರು ಆಕಾರದ ಕೆಂಪು ಗುರುತು ಎದ್ದು ಕಾಣುತ್ತದೆ.

ಗಂಡು ಸುಮಾರು ಅದರ ಅರ್ಧ. ಕಂದು ಬಣ್ಣ, ಸಣಕಲು ಹೊಟ್ಟೆ, ಅದರ ಮೇಲೆ ಬಿಳಿ ಪಟ್ಟೆ. ಆದರೆ ಪಟ್ಟೆ ನೋಡಿ ಗಂಡು ಅಂತ ತೀರ್ಮಾನಿಸಬೇಡಿ, ಮರಿ ಹೆಣ್ಣಿಗೂ ಪಟ್ಟೆ ಇರುತ್ತದೆ! ನಾನು ಜಾಸ್ತಿ ನಂಬುವ ಗುರುತು ಬೇರೆ. ಬಾಯಿ ಪಕ್ಕದ ಎರಡು ಪುಟ್ಟ ಕೈಗಳ ತುದಿ ಗುಂಡಗೆ ಊದಿದ್ದರೆ ಅದು ಬೆಳೆದ ಗಂಡು.

ಮನುಷ್ಯರಿಗೆ ಅಪಾಯ ಇರುವುದು ಹೆಣ್ಣಿನ ಕಡಿತದಿಂದ. ಗೊತ್ತಾಗದಿದ್ದರೆ ಸುಮ್ನೆ ಕೈ ಹಾಕಬೇಡಿ, ದೂರದಿಂದ ಫೋಟೊ ತೆಗೆದು ಝೂಮ್ ಮಾಡಿ ನೋಡಿ.